ಬೆಂಕಿ ಆರಿಸುವ ಮೊದಲು ಸಿಲಿಂಡರ್ ಆರಿಸಿ

ತರಬೇತಿಯೊಂದರಲ್ಲಿ ಒಮ್ಮೆ ನನ್ನ ಕೈಗೂ ಅಗ್ನಿನಂದಕ ಕೊಟ್ಟಿದ್ದರು. ಎದುರಿಗೆ ಕಬ್ಬಿಣದ ಟ್ರೇಯಲ್ಲಿ ಬೆಂಕಿ. ಹಿಡಿಕೆ ಒತ್ತಿದೆ. ಇನ್ನೂ ಜೋರಾಗಿ ಒತ್ತಿದೆ. ಏನೂ ಬರಲಿಲ್ಲ. ‘ಪಿನ್ನು, ಪಿನ್ನು!’ ಅಂತ ಹಿಂದಿನಿಂದ ಯಾರೋ ಕೂಗಿದರು. ಪಿನ್ ಕಿತ್ತ ಮೇಲೆ ಬಿಳಿ ಪುಡಿ ಭುಸ್ಸೆಂದು ಹಾರಿತು. ಗಾಬರಿಯಲ್ಲಿ ಜ್ವಾಲೆಯ ತಲೆಗೇ ಹೊಡೆದೆ. ಪುಡಿಯೆಲ್ಲ ಗಾಳಿಪಾಲಾಯಿತು, ಬೆಂಕಿ ಹಾಗೇ ಇತ್ತು. ಅಷ್ಟರಲ್ಲಿ ಸಿಲಿಂಡರ್ ಖಾಲಿ.

ಅದರಲ್ಲಿ ಸಿಲಿಂಡರಿನ ತಪ್ಪೇನೂ ಇರಲಿಲ್ಲ. 1 ಅಥವಾ 2 ಕೆ.ಜಿ. ಪುಡಿಯ ಸಿಲಿಂಡರ್ ಚಿಮ್ಮುವುದೇ 8ರಿಂದ 10 ಸೆಕೆಂಡು. ಅಷ್ಟರೊಳಗೆ ಕೆಲಸ ಮುಗಿಯಬೇಕು. ಆ ಹೊತ್ತಿನಲ್ಲಿ ಒಳಗಿಂದ ಬಂದದ್ದು ಆ ಬೆಂಕಿಗೆ ಒಗ್ಗದ ವಸ್ತುವಾದರೆ ಬೆಂಕಿ ಆರುವುದಿಲ್ಲ, ಕೆಲವೊಮ್ಮೆ ಜಾಸ್ತಿಯಾಗುತ್ತದೆ. ಆದರೂ ನಾವು ಕೊಳ್ಳುವಾಗ ಏನು ನೋಡುತ್ತೇವೆ? ಕೆಂಪು ಬಣ್ಣ, ಕೈಗೆ ಹಿಡಿಯುವ ಗಾತ್ರ, ‘ಎಲ್ಲದಕ್ಕೂ ಆಗುತ್ತೆ’ ಅನ್ನುವ ಅಂಗಡಿಯವರ ಮಾತು. ಎಲ್ಲದಕ್ಕೂ ಆಗುವ ಸಿಲಿಂಡರ್ ಎಲ್ಲೂ ಇಲ್ಲ. ಅದರಲ್ಲೂ ಕಾದ ಎಣ್ಣೆ ಮತ್ತು ಬ್ಯಾಟರಿ, ಇವೆರಡರ ಮುಂದೆ ಆ ‘ಎಲ್ಲದಕ್ಕೂ’ ಸಿಲಿಂಡರಿನ ಆಟ ಜಾಸ್ತಿ ನಡೆಯುವುದಿಲ್ಲ.

ಹೆಜ್ಜೆ 1: ಮನೆಯೊಳಗೆ ಒಂದು ಸುತ್ತು ಹಾಕಿ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿ, ಪೆನ್ನು ಹಿಡಿದು ಕೋಣೆ ಕೋಣೆ ತಿರುಗಿ. ಇಲ್ಲಿ ಬೆಂಕಿ ಹತ್ತಿದರೆ ಮೊದಲು ಉರಿಯುವುದು ಏನು? ಅದನ್ನು ಬರೆದುಕೊಳ್ಳಿ. ಬಟ್ಟೆ, ಪುಸ್ತಕ, ಮರ ಎಲ್ಲರ ಮನೆಯಲ್ಲೂ ಇರುತ್ತವೆ. ಹಾಸಿಗೆ, ಸೋಫಾದೊಳಗೆ ಏನಿದೆ ನೋಡಿ. ಹತ್ತಿಯಾದರೆ ಹೊಗೆಯಾಡುತ್ತಾ ನಿಧಾನ ಉರಿಯುತ್ತದೆ. ಪಾಲಿಯುರೆಥೇನ್ ಫೋಮ್ ಹಾಗಲ್ಲ, ಬೇಗ ಹೊತ್ತಿಕೊಳ್ಳುತ್ತದೆ. ಅದರ ಕಪ್ಪು ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ.

ಆಮೇಲೆ ಬ್ಯಾಟರಿಗಳನ್ನು ಎಣಿಸಿ. ಫೋನು, ಲ್ಯಾಪ್‌ಟಾಪು, ಪವರ್ ಬ್ಯಾಂಕು, ಗಡ್ಡದ ಟ್ರಿಮ್ಮರು, ಮಕ್ಕಳ ಆಟಿಕೆ, ಡ್ರಿಲ್ಲಿಂಗ್ ಮಷೀನು, ಡ್ರಾಯರ್‌ನಲ್ಲಿ ಉಬ್ಬಿಕೊಂಡು ಬಿದ್ದಿರುವ ಹಳೇ ಫೋನು. ನಾಲ್ಕೋ ಐದೋ ಇರಬಹುದು ಅಂದುಕೊಂಡು ಶುರು ಮಾಡಿದವನು ನಾನು. ಇಪ್ಪತ್ತರ ಹತ್ತಿರ ಹೋಯಿತು.

ಹೆಜ್ಜೆ 2: ಲೇಬಲ್ ಮೇಲಿನ ಅಕ್ಷರ ಓದಿ

ಬೆಂಕಿಗೆ ಜಾತಿಗಳಿವೆ, ಒಂದೊಂದಕ್ಕೆ ಒಂದು ಅಕ್ಷರ. ಮರ, ಕಾಗದ, ಬಟ್ಟೆ ಉರಿದರೆ ‘ಎ’. ಪೆಟ್ರೋಲು, ಥಿನ್ನರು, ಬಣ್ಣದಂಥ ದ್ರವ ಉರಿದರೆ ‘ಬಿ’. ಮೆಗ್ನೀಸಿಯಂ, ಸೋಡಿಯಂನಂಥ ಲೋಹ ಉರಿದರೆ ‘ಡಿ’. ಇದು ಕಾರ್ಖಾನೆ, ಪ್ರಯೋಗಾಲಯಗಳ ಚಿಂತೆ.

ಗೊಂದಲ ಇರುವುದು ‘ಸಿ’ಯಲ್ಲಿ. ಯುರೋಪಿನ ಪದ್ಧತಿಯಲ್ಲಿ ‘ಸಿ’ ಎಂದರೆ ಉರಿಯುವ ಅನಿಲ. ಅಮೆರಿಕದ ಪದ್ಧತಿಯಲ್ಲಿ ‘ಸಿ’ ಎಂದರೆ ಕರೆಂಟು ಹರಿಯುತ್ತಿರುವ ಉಪಕರಣ. ಅಡುಗೆ ಎಣ್ಣೆಯದ್ದೂ ಹೀಗೇ. ಯುರೋಪಿನಲ್ಲಿ ‘ಎಫ್’, ಅಮೆರಿಕದಲ್ಲಿ ‘ಕೆ’. ಆನ್‌ಲೈನ್‌ನಲ್ಲಿ ತರಿಸುವವರು ಅಕ್ಷರವನ್ನಷ್ಟೇ ನಂಬಬೇಡಿ. ಪಕ್ಕದ ಚಿತ್ರ ನೋಡಿ: ಉರಿಯುವ ಕಟ್ಟಿಗೆ, ಪೆಟ್ರೋಲ್ ಡಬ್ಬ, ಪ್ಲಗ್ಗು, ಬಾಣಲೆ. ಚಿತ್ರದ ಮೇಲೆ ಅಡ್ಡಗೆರೆ ಇದ್ದರೆ ಆ ಬೆಂಕಿಗೆ ಅದು ಬೇಡ ಎಂದರ್ಥ.

ಅನಿಲದ ಬೆಂಕಿಯ ಬಗ್ಗೆ ಒಂದೇ ಮಾತು. ಮೊದಲು ವಾಲ್ವ್ ಮುಚ್ಚಬೇಕು. ಸೋರಿಕೆ ನಿಲ್ಲಿಸದೆ ಜ್ವಾಲೆ ಮಾತ್ರ ಆರಿಸಿದರೆ ಅನಿಲ ಕೋಣೆ ತುಂಬಿ, ಒಂದು ಕಿಡಿಗೆ ಸ್ಫೋಟವಾಗುತ್ತದೆ.

ಹೆಜ್ಜೆ 3: ಸಿಲಿಂಡರ್ ಒಳಗೇನಿದೆ ಕೇಳಿ

ನೀರಿನದ್ದು ‘ಎ’ ಬೆಂಕಿಗೆ ಬಹಳ ಒಳ್ಳೆಯದು. ತಂಪು ಮಾಡುವುದರಲ್ಲಿ ನೀರನ್ನು ಮೀರಿಸಿದ್ದು ಸುಲಭಕ್ಕೆ ಸಿಗುವುದಿಲ್ಲ. 9 ಲೀಟರಿನ ಸಿಲಿಂಡರ್ ಸುಮಾರು ಒಂದು ನಿಮಿಷ ಚಿಮ್ಮುತ್ತದೆ, ಕೈ ತಪ್ಪಿದರೂ ಸರಿಪಡಿಸಿಕೊಳ್ಳಲು ಸಮಯವಿದೆ. ಆದರೆ ಕರೆಂಟಿನ ಮೇಲೆ, ಎಣ್ಣೆ ಪೆಟ್ರೋಲಿನ ಮೇಲೆ ಮಾಮೂಲಿ ನೀರಿನ ಸಿಲಿಂಡರ್ ಬೇಡವೇ ಬೇಡ.

ಅಂಗಡಿಯಲ್ಲಿ ಎಬಿಸಿ ಎಂದು ಕೊಡುವುದು ಪುಡಿಯದ್ದು. ಒಳಗಿರುವುದು ಮುಖ್ಯವಾಗಿ ಮೊನೊಅಮೋನಿಯಂ ಫಾಸ್ಫೇಟ್. ಬಿಸಿಗೆ ಕರಗಿ, ಉರಿಯುವ ವಸ್ತುವಿನ ಮೇಲೆ ಪದರವಾಗಿ ಕೂರುತ್ತದೆ, ಜ್ವಾಲೆಯ ಸರಣಿ ಕ್ರಿಯೆಯನ್ನೂ ಮುರಿಯುತ್ತದೆ. ಬೆಂಕಿ ಥಟ್ಟನೆ ಬೀಳುವುದನ್ನು ನೋಡಿದರೆ ಖುಷಿಯಾಗುತ್ತದೆ. ಆಮೇಲಿನ ಕಥೆ ಬೇರೆ. ಚಿಕ್ಕ ಕೋಣೆಯಲ್ಲಿ ಒಮ್ಮೆ ಹೊಡೆದರೆ ಬಾಗಿಲೇ ಕಾಣದಷ್ಟು ಮಬ್ಬು. ಪುಡಿ ಕೀಬೋರ್ಡಿನ ಸಂದಿ, ಟಿವಿಯ ಹಿಂಬದಿ, ಫ್ಯಾನಿನ ಮೋಟರು, ಎಲ್ಲ ಕಡೆ ನುಗ್ಗುತ್ತದೆ. ತೇವ ಸೇರಿದರೆ ಲೋಹವನ್ನು ತಿನ್ನಲು ಶುರು ಮಾಡುತ್ತದೆ. ಬೆಂಕಿಯಿಂದ ಉಳಿದ ಕಂಪ್ಯೂಟರ್ ಪುಡಿಯಿಂದ ಸಾಯಬಹುದು. ಹಾಗಂತ ಪುಡಿ ಬೇಡ ಅನ್ನುತ್ತಿಲ್ಲ. ಕಾರಿಗೆ, ಗ್ಯಾರೇಜಿಗೆ, ಹೊರಾಂಗಣಕ್ಕೆ ನಾನೂ ಅದನ್ನೇ ಆರಿಸುತ್ತೇನೆ.

ಎಲೆಕ್ಟ್ರಾನಿಕ್ ಸಾಮಾನು ತುಂಬಿದ ಕೋಣೆಗೆ ಕಾರ್ಬನ್ ಡೈಆಕ್ಸೈಡ್ ವಾಸಿ. ಕಲೆ ಇಲ್ಲ, ಪುಡಿ ಇಲ್ಲ, ಕರೆಂಟೂ ಹರಿಯುವುದಿಲ್ಲ. ಎರಡು ಎಚ್ಚರಿಕೆ ಸಾಕು. ಹೊರಬರುವಾಗ ಅದು ಮೈನಸ್ 78 ಡಿಗ್ರಿಯಷ್ಟು ತಣ್ಣಗಿರುತ್ತದೆ, ಅನಿಲ ಹೊರಬರುವ ಕೊಂಬಿನಾಕಾರದ ಬಾಯನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಅಂಟಿಕೊಳ್ಳುತ್ತದೆ. ಎರಡನೆಯದು, ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಬೆಂಕಿಯ ಉಸಿರಿನ ಜೊತೆ ನಿಮ್ಮ ಉಸಿರನ್ನೂ ಕಟ್ಟಿಸುತ್ತದೆ. ಹೊಡೆದು ಹೊರಗೆ ಬನ್ನಿ, ಮುಖ್ಯ ಸ್ವಿಚ್ ಆರಿಸಿ. ಈ ಅನಿಲ ತಂಪು ಮಾಡುವುದು ಕಡಿಮೆ, ಕೆಂಡ ಉಳಿದಿದ್ದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ನೊರೆಯದ್ದನ್ನು ಕೊಳ್ಳುವುದಾದರೆ ಫ್ಲೋರಿನ್ ಇಲ್ಲದ ನೊರೆಯೇ ಎಂದು ಕೇಳಿ. ಹಳೆಯ ನೊರೆಗಳಲ್ಲಿದ್ದ ಪಿಎಫ್‌ಎಎಸ್ ಅನ್ನುವ ಫ್ಲೋರಿನ್ ರಾಸಾಯನಿಕಗಳು ಮಣ್ಣು, ನೀರಿನಲ್ಲಿ ಕೊಳೆತು ಹೋಗದೆ ಉಳಿದುಬಿಡುತ್ತವೆ. ‘ಕ್ಲೀನ್ ಏಜೆಂಟ್’ ಅನ್ನುವ ಅನಿಲದ ಸಿಲಿಂಡರುಗಳೂ ಇವೆ. ಇವು ಮೊದಲು ಬಳಸುತ್ತಿದ್ದ ಹ್ಯಾಲಾನ್ ಅನ್ನುವ ಅನಿಲದ ಜಾಗಕ್ಕೆ ಬಂದವು. ಹ್ಯಾಲಾನ್ ಬೆಂಕಿಗೆ ರಾಮಬಾಣ, ಓಝೋನ್ ಪದರಕ್ಕೂ ಅಷ್ಟೇ ಗಟ್ಟಿ ಬಾಣ. ಓಝೋನ್ ಪದರ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಶ್ರೀಮಂತ ದೇಶಗಳು 1994ಕ್ಕೆ, ಉಳಿದ ದೇಶಗಳು 2010ಕ್ಕೆ ಅದರ ತಯಾರಿಕೆ ಕೈಬಿಟ್ಟವು.

ಹೆಜ್ಜೆ 4: ಅಡುಗೆಮನೆಯನ್ನು ಬೇರೆಯಾಗಿಯೇ ಯೋಚಿಸಿ

ಬಾಣಲೆಯಲ್ಲಿ ಎಣ್ಣೆ ಇಟ್ಟು ಫೋನ್ ಬಂತೆಂದು ಆಚೆ ಹೋಗಿದ್ದೀರಿ. ಎಣ್ಣೆ ಮೊದಲು ತೆಳ್ಳಗೆ ಹೊಗೆಯಾಡುತ್ತದೆ. ಹೊಗೆ ದಟ್ಟವಾಗುತ್ತದೆ, ಘಾಟು ಬರುತ್ತದೆ. ಸುಮಾರು 350 ಡಿಗ್ರಿಯ ಆಸುಪಾಸಿಗೆ ಬಂದರೆ ಕಿಡಿಯೇ ಬೇಡ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಈಗ ಒಂದು ಚೊಂಬು ನೀರು ಸುರಿದಿರಿ ಅನ್ನಿ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಇಳಿದ ಕ್ಷಣವೇ ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನು ಹನಿ ಹನಿಯಾಗಿ ಮೇಲಕ್ಕೆಸೆಯುತ್ತದೆ. ಬಾಣಲೆಯಷ್ಟಿದ್ದ ಬೆಂಕಿ ಸೂರು ಮುಟ್ಟುತ್ತದೆ.

ಪುಡಿ ಹೊಡೆದರೆ? ಜ್ವಾಲೆ ಬೀಳಬಹುದು. ಎಣ್ಣೆಯ ಬಿಸಿ ಇಳಿಯುವುದಿಲ್ಲ, ಮತ್ತೆ ಏಳುತ್ತದೆ. ಹತ್ತಿರದಿಂದ ಹೊಡೆದರೆ ರಭಸಕ್ಕೆ ಎಣ್ಣೆ ಚೆಲ್ಲಲೂಬಹುದು. ಕಾರ್ಬನ್ ಡೈಆಕ್ಸೈಡ್‌ನ ತೊಂದರೆಯೂ ಇದೇ.

ಈ ಬೆಂಕಿಗೆಂದೇ ಇರುವುದು ‘ವೆಟ್ ಕೆಮಿಕಲ್’ ಸಿಲಿಂಡರ್. ಪೊಟ್ಯಾಸಿಯಂ ಅಸಿಟೇಟ್, ಸಿಟ್ರೇಟ್ ಅಥವಾ ಕಾರ್ಬೊನೇಟ್ ಬೆರೆಸಿದ ನೀರು, ಉದ್ದನೆಯ ಕೊಳವೆಯಿಂದ ಮೆತ್ತಗೆ ತುಂತುರಾಗಿ ಬರುತ್ತದೆ. ಕಾದ ಎಣ್ಣೆಗೆ ತಾಗಿದ್ದೇ ಮೇಲ್ಪದರ ಸಾಬೂನಿನ ನೊರೆಯಾಗಿಬಿಡುತ್ತದೆ. ಗಾಳಿ ತಡೆಯುತ್ತದೆ, ಎಣ್ಣೆಯೂ ತಂಪಾಗುತ್ತದೆ. ಬೂದಿಯ ಕ್ಷಾರ, ಎಣ್ಣೆ ಸೇರಿಸಿ ಸಾಬೂನು ಮಾಡುವ ಹಳೇ ವಿದ್ಯೆಯೇ ಇದು. ಸ್ವಾರಸ್ಯವೆಂದರೆ, 1818ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಲಿಯಂ ಮ್ಯಾನ್ಬಿ ಮಾಡಿದ ತಾಮ್ರದ ಅಗ್ನಿನಂದಕದಲ್ಲೂ ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರೇ ಇತ್ತು, ಹೊರದೂಡಲು ಒತ್ತಿ ತುಂಬಿದ ಗಾಳಿ. ಇನ್ನೂರು ವರ್ಷ ಸುತ್ತಿ ಅದೇ ಉಪ್ಪು ಅಡುಗೆಮನೆಗೆ ಬಂದು ಕೂತಿದೆ.

ಮನೆಯಲ್ಲಿ ಕರಿಯುವುದು ಅಪರೂಪವಾದರೆ ಇದನ್ನು ಕೊಳ್ಳಲೇಬೇಕೆಂದಿಲ್ಲ. ಬಾಣಲೆಗೆ ಸರಿಹೊಂದುವ ಲೋಹದ ಮುಚ್ಚಳ ಕೈಗೆಟುಕುವಲ್ಲಿರಲಿ. ಒಲೆ ಆರಿಸಿ. ಮುಚ್ಚಳವನ್ನು ಮೇಲಿಂದ ಎಸೆಯದೆ, ನಿಮ್ಮ ಕಡೆಯ ಅಂಚಿನಿಂದ ಆಚೆಗೆ ಜಾರಿಸಿ ಮುಚ್ಚಿ. ಮುಖ ದೂರ ಇರಲಿ. ಆಮೇಲೆ ‘ಆರಿತಾ ನೋಡೋಣ’ ಅಂತ ಎತ್ತಬೇಡಿ. ಅರ್ಧ ಗಂಟೆಯಾದರೂ ಹಾಗೇ ಬಿಡಿ. ಉರಿಯುವ ಬಾಣಲೆಯನ್ನು ಹಿಡಿದು ಹೊರಗೆ ಓಡುವುದಂತೂ ಮಹಾ ತಪ್ಪು.

ಹೆಜ್ಜೆ 5: ಬ್ಯಾಟರಿಗೆ ಬೇರೆ ಲೆಕ್ಕ

ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಅದರ ಬೆಂಕಿ ಉಳಿದ ಬೆಂಕಿಗಳ ಹಾಗಲ್ಲ. ಬ್ಯಾಟರಿಯ ಒಂದು ಕೋಶ (ಸೆಲ್) ಕೆಟ್ಟು ಬಿಸಿಯಾದರೆ ಒಳಗಿನ ರಾಸಾಯನಿಕಗಳೇ ಇನ್ನಷ್ಟು ಶಾಖ ಹುಟ್ಟಿಸುತ್ತವೆ. ಆ ಶಾಖಕ್ಕೆ ಪಕ್ಕದ ಕೋಶವೂ ಕೆಡುತ್ತದೆ. ಹೀಗೆ ಸಾಲಾಗಿ ಹಬ್ಬುತ್ತದೆ. ಹೊರಗಿನ ಗಾಳಿ ತಡೆದರೂ ಈ ಓಟ ನಿಲ್ಲುವುದಿಲ್ಲ. ಅದಕ್ಕೇ ಪುಡಿ, ಕಾರ್ಬನ್ ಡೈಆಕ್ಸೈಡ್ ಹೊಡೆದರೆ ಜ್ವಾಲೆ ಆರಿದಂತೆ ಕಂಡು, ಸ್ವಲ್ಪ ಹೊತ್ತಿಗೆ ಮತ್ತೆ ಏಳುತ್ತದೆ. ದೊಡ್ಡ ಬ್ಯಾಟರಿಯಾದರೆ ಗಂಟೆಗಳ ನಂತರವೂ, ಮರುದಿನವೂ.

ಲಿಥಿಯಂ ಲೋಹ ತಾನೇ, ‘ಡಿ’ ಸಿಲಿಂಡರ್ ತಂದರಾಯಿತು ಎಂದು ಲೆಕ್ಕ ಹಾಕುವವರಿದ್ದಾರೆ. ಚಾರ್ಜ್ ಮಾಡುವ ಈ ಬ್ಯಾಟರಿಗಳಲ್ಲಿ ಲಿಥಿಯಂ ಇರುವುದು ಲೋಹದ ರೂಪದಲ್ಲಲ್ಲ. ಇದಕ್ಕೆ ಬೇಕಾದ್ದು ತಂಪು. ಹಾಗಾಗಿ ನೀರೇ ಒಳ್ಳೆಯದು, ಅದೂ ಧಾರಾಳವಾಗಿ.

ಇಲ್ಲಿ ಗಾತ್ರ, ಅಂದರೆ ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವುದನ್ನು ನೋಡಿಕೊಳ್ಳಬೇಕು. ಅದರ ಅಳತೆ ವ್ಯಾಟ್ ಅವರ್. ಫೋನಿನ ಬ್ಯಾಟರಿ 15–20 ವ್ಯಾಟ್ ಅವರ್, ಲ್ಯಾಪ್‌ಟಾಪಿನದ್ದು 50ರಿಂದ 100. ವಿದ್ಯುತ್ ಸ್ಕೂಟರಿನದ್ದು 2,000ದಿಂದ 4,000. ಫೋನು, ಲ್ಯಾಪ್‌ಟಾಪು ಹೊಗೆಯಾಡಿದರೆ, ಸುರಕ್ಷಿತವಾಗಿ ಸಾಧ್ಯವಿದ್ದರೆ ಗೋಡೆಯ ಸ್ವಿಚ್ ಆರಿಸಿ, ದೂರ ನಿಂತು ನೀರು ಸುರಿಯುತ್ತಾ ಇರಿ. ಕೈಯಲ್ಲಿ ಎತ್ತಿಕೊಳ್ಳಬೇಡಿ. ಐಸ್ ಮುಚ್ಚಬೇಡಿ; ಅದು ಕಂಬಳಿ ಹೊದಿಸಿದಂತೆ ಶಾಖವನ್ನು ಒಳಗೇ ಹಿಡಿಯುತ್ತದೆ. ಸ್ಕೂಟರು, ಸೈಕಲ್ಲಿನ ಬ್ಯಾಟರಿ ಸಿಳ್ಳೆ ಹಾಕುತ್ತಾ ಬಿಳಿ ಹೊಗೆ ಬಿಟ್ಟರೆ ಯಾವ ಸಿಲಿಂಡರಿಗೂ ಕೈ ಹಾಕಬೇಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಅನ್ನುವ ವಿಷಾನಿಲ ಇರುತ್ತದೆ. ಎಲ್ಲರನ್ನೂ ಹೊರಗೆ ಕರೆದುಕೊಂಡು, ಬಾಗಿಲು ಎಳೆದುಕೊಂಡು, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

‘ಲಿಥಿಯಂ ಬ್ಯಾಟರಿಗೆ’ ಎಂದು ಬರೆದ ಸಿಲಿಂಡರುಗಳೂ ಈಗ ಬಂದಿವೆ. ಕೆಲವದರಲ್ಲಿ ವರ್ಮಿಕ್ಯುಲೈಟ್ ಅನ್ನುವ ಖನಿಜದ ಸಣ್ಣ ಚಕ್ಕೆಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ತಂಪು ಮಾಡುತ್ತದೆ, ಚಕ್ಕೆಗಳು ಪದರ ಕಟ್ಟುತ್ತವೆ. ಸಣ್ಣ ಸಾಧನಗಳಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ಎಷ್ಟು ವ್ಯಾಟ್ ಅವರ್ ಬ್ಯಾಟರಿಯ ಮೇಲೆ ಪರೀಕ್ಷೆ ಮಾಡಿದ್ದಾರೆ ಎಂದು ಕೇಳಿ. ಉತ್ತರ ಬರದಿದ್ದರೆ ಸುಮ್ನೆ ವಾಪಸ್ ಬನ್ನಿ.

ಹೆಜ್ಜೆ 6: ಗಾತ್ರ, ಅಂಕಿ, ಭಾರ

ಅಕ್ಷರದ ಮುಂದಿನ ಅಂಕಿ ಸಾಮರ್ಥ್ಯದ ಲೆಕ್ಕ. ಯುರೋಪಿನ ಪದ್ಧತಿಯಲ್ಲಿ ‘13ಎ’ ಎಂದರೆ ಪರೀಕ್ಷೆಯಲ್ಲಿ 1.3 ಮೀಟರ್ ಉದ್ದದ ಕಟ್ಟಿಗೆ ಅಟ್ಟಿಯ ಬೆಂಕಿ ಆರಿಸಿದೆ ಎಂದು. ಅಮೆರಿಕದ ‘2ಎ’ ಬೇರೆಯೇ ಅಳತೆ. ಹಾಗಾಗಿ 2ಕ್ಕಿಂತ 13 ದೊಡ್ಡದು ಅಂತ ಹೋಲಿಸಬೇಡಿ. ಒಂದೇ ಪದ್ಧತಿಯೊಳಗೆ ಮಾತ್ರ ಹೋಲಿಸಿ.

ದೊಡ್ಡದು ಕೊಂಡರೆ ಒಳ್ಳೆಯದು ನಿಜ, ಎತ್ತಲು ಆಗಬೇಕಲ್ವಾ? 6 ಕೆ.ಜಿ. ಎಂದು ಬರೆದಿರುವುದು ಪುಡಿಯ ತೂಕ. ಉಕ್ಕಿನ ಮೈ ಸೇರಿ 9–10 ಕೆ.ಜಿ. ಆಗುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಶಕ್ತಿ ಇರುವ ದೊಡ್ಡವರ ಕೈಗೆ ಕೊಟ್ಟು ನೋಡಿ. ಎತ್ತಿ, ಪಿನ್ ಕಿತ್ತು, ಹಿಡಿಕೆ ಒತ್ತುವುದು ಅವರಿಂದ ಆಗುವುದಾದರೆ ಅದೇ ಸರಿಯಾದ ಗಾತ್ರ.

ಹೆಜ್ಜೆ 7: ಎಲ್ಲಿ ಇಡುವುದು, ಹೇಗೆ ಕಾಯುವುದು

ಒಲೆಯ ಪಕ್ಕದ ಗೋಡೆಗೆ ತೂಗುಹಾಕಿದವರನ್ನು ಬೇಕಾದಷ್ಟು ನೋಡಿದ್ದೇನೆ. ಬೆಂಕಿ ಹತ್ತಿದ ಮೇಲೆ ಅದನ್ನು ತೆಗೆಯುವುದು ಹೇಗೆ? ಹೊರಹೋಗುವ ಬಾಗಿಲ ಹತ್ತಿರ, ಎದೆಯೆತ್ತರಕ್ಕೆ ಇರಲಿ. ಬಳಸುವಾಗ ಬೆನ್ನು ಬಾಗಿಲ ಕಡೆಗಿರಲಿ. ಪಿನ್ ಕೀಳಿ, ಬೆಂಕಿಯ ಬುಡಕ್ಕೆ ಗುರಿಯಿಡಿ, ಒತ್ತಿ, ಆ ಕಡೆ ಈ ಕಡೆ ಆಡಿಸಿ. ಹೊಗೆ ಸೂರಿನಿಂದ ಕೆಳಗಿಳಿಯುತ್ತಿದ್ದರೆ, ಬೆಂಕಿ ನಿಮ್ಮ ಸೊಂಟ ಮೀರಿದ್ದರೆ ಅದು ನಿಮ್ಮ ಕೆಲಸವಲ್ಲ, ಹೊರಗೆ ಹೋಗಿ.

ತಿಂಗಳಿಗೊಮ್ಮೆ ಒಂದು ನಿಮಿಷ ಕೊಡಿ. ಒತ್ತಡ ತೋರಿಸುವ ಮುಳ್ಳು ಹಸಿರಲ್ಲಿದೆಯಾ, ಪಿನ್ನಿನ ಸೀಲ್ ಗಟ್ಟಿಯಾಗಿದೆಯಾ, ಕೊಳವೆಯ ಬಾಯಲ್ಲಿ ಹುಳ ಗೂಡು ಕಟ್ಟಿದೆಯಾ, ತುಕ್ಕು ಇದೆಯಾ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ಮುಳ್ಳು ಹುಡುಕಬೇಡಿ, ಸಾಮಾನ್ಯವಾಗಿ ಇರುವುದಿಲ್ಲ. ಅದು ತುಂಬಿದೆಯೋ ಇಲ್ಲವೋ ತಿಳಿಯಲು ತಕ್ಕಡಿಗೆ ಹಾಕಬೇಕು. ತುಂಬಿದ ತೂಕ ಮೈಮೇಲೆ ಬರೆದಿರುತ್ತದೆ.

ಇನ್ನು, ಕೊಂಡ ಸಂಭ್ರಮದಲ್ಲಿ ‘ಒಂದು ಸಲ ಸ್ವಲ್ಪ ಒತ್ತಿ ನೋಡೋಣ’ ಅನ್ನಿಸುತ್ತದೆ. ಪುಡಿಯದ್ದಾದರೆ ಬೇಡ. ಅರೆಕ್ಷಣ ಒತ್ತಿದರೂ ಪುಡಿಯ ಕಣಗಳು ವಾಲ್ವಿನ ಬಾಯಲ್ಲಿ ಕೂತುಬಿಡುತ್ತವೆ. ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಪುಡಿಯನ್ನು ಹೊರದೂಡುವ ಅನಿಲ ದಿನಾ ಸ್ವಲ್ಪ ಸ್ವಲ್ಪ ಸೋರಿ, ಕೆಲವು ದಿನಕ್ಕೆ ಮುಳ್ಳು ಕೆಂಪಿಗೆ ಬಂದಿರುತ್ತದೆ. ಒತ್ತಿಯೇಬಿಟ್ಟಿದ್ದರೆ ಮತ್ತೆ ತುಂಬಿಸಿಕೊಂಡು ಬಂದು ಗೋಡೆಗೆ ಹಾಕಿ.