48 ಅಂಕೆ, ಒಂದು ಲಕೋಟೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ದಿನ ಅಡಿಕೆ ವ್ಯಾಪಾರದ ಧಣಿಗಳೊಬ್ಬರು ಫೋನ್ ಮಾಡಿದರು. ಲೆಕ್ಕ ಬರೆಯುತ್ತಿದ್ದ ಹುಡುಗ ಗಲ್ಫಿಗೆ ಹೋಗಿದ್ದ. ಅಡ್ಮಿನ್ ಪಾಸ್‌ವರ್ಡೂ ಅವನ ಜೊತೆಗೇ ವಿಮಾನ ಹತ್ತಿತ್ತು. ಕೇಳಿದರೆ ಅವನಿಗೂ ಮರೆತಿದೆಯಂತೆ.

ಪೆನ್‌ಡ್ರೈವಿನಿಂದ ಬೂಟ್ ಮಾಡಿ ಹಳೇದನ್ನು ತೆಗೆದು ಹೊಸತು ಹಾಕಿದೆ. ಕೊಟ್ಟ ಚಾ ಆರುವ ಮೊದಲೇ ಕೆಲಸ ಮುಗಿಯಿತು. ಧಣಿಗಳಿಗೆ ಖುಷಿಗಿಂತ ಗಾಬರಿಯೇ ಜಾಸ್ತಿ.

"ಎಂತ ಮಾರಾಯ್ರೇ, ಇಷ್ಟು ಸುಲಭ ಉಂಟಾ? ಹಾಗಾದ್ರೆ ಕಳ್ಳನಿಗೂ ಸುಲಭವೇ ಅಲ್ವಾ?"

ಏನು ಹೇಳಲಿ? ಇದೇ ಕಳ್ಳದಾರಿಯಲ್ಲಿ ಎಷ್ಟೋ ವರ್ಷ ದುಡಿದವನು ನಾನು. ವಿಂಡೋಸ್ ಪಾಸ್‌ವರ್ಡ್ ಕಾವಲು ಕಾಯುವುದು ವಿಂಡೋಸ್ ಎದ್ದ ಮೇಲೆ. ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಕೇಳುವವರಿಲ್ಲ.

ವಿಂಡೋಸ್ ಪ್ರೊ ಇತ್ತು, ಡಿಸ್ಕಿನ ಬೀಗದ ಕೀಲಿ ಕಾಯುವ ಟಿಪಿಎಂ ಚಿಪ್ಪೂ ಇತ್ತು. ಡಿಸ್ಕನ್ನೇ ಗೂಢಲಿಪಿ ಮಾಡಿ ಬೀಗ ಜಡಿಯುವ ಬಿಟ್‌ಲಾಕರ್ ಹಾಕಿದೆ. ಹೊಸ ಗುಮಾಸ್ತನಿಗೆ ಅಡ್ಮಿನ್ ಅಲ್ಲದ ಬೇರೆ ಅಕೌಂಟ್ ಮಾಡಿಕೊಟ್ಟೆ. ಇನ್ನು ನನ್ನ ಪೆನ್‌ಡ್ರೈವ್ ಆಟ ನಡೆಯದು. ಏನಾದರೂ ಎಡವಟ್ಟಾದರೆ ಉಳಿಯುವುದು 48 ಅಂಕೆಯ ರಿಕವರಿ ಕೀ ಒಂದೇ.

ಅದನ್ನು ಎಲ್ಲಿಡುವುದು? ಬೀಗ ಹಾಕಿದ ಡಿಸ್ಕಿನಲ್ಲೇ ಇಡಲು ವಿಂಡೋಸೇ ಬಿಡುವುದಿಲ್ಲ. ವಾಟ್ಸಾಪ್ ಬೇಡ ಅಂದೆ. ಪ್ರಿಂಟರ್ ಕೆಟ್ಟು ಕೂತಿತ್ತು. ಕೊನೆಗೆ ಧಣಿಗಳೇ ಕೈಯಲ್ಲಿ ಬರೆದು, ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿ ತಿಜೋರಿಯಲ್ಲಿಟ್ಟರು. ಇನ್ನೊಂದು ಪ್ರತಿ ಆಮೇಲೆ ಮಾಡುವ ಅಂದರು. ಆ ಆಮೇಲೆ ಬರಲೇ ಇಲ್ಲ.

ಮಳೆಗಾಲದಲ್ಲಿ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿತು. ಬದಲಿಸಿದೆ. ವಿಂಡೋಸಿಗೂ ಮೊದಲು ಏಳುವ ಬಯೋಸಿನ ಸೆಟ್ಟಿಂಗ್ ಎಲ್ಲ ಕಂಪೆನಿಯಿಂದ ಬಂದಾಗಿನಂತಾಗಿ ಟಿಪಿಎಂ ಆಫ್ ಆಗಿತ್ತು. ಆನ್ ಮಾಡುತ್ತಿದ್ದಂತೆ ನೀಲಿ ಪರದೆ: ರಿಕವರಿ ಕೀ ಕೊಡಿ. ಬಯೋಸಿಗೆ ಹೋಗಿ ಟಿಪಿಎಂ ಆನ್ ಮಾಡಿದರೂ ಅದೇ ಪರದೆ.

ಲಕೋಟೆ ಒಡೆದೆವು. ಆರಾರು ಅಂಕೆಯ ಎಂಟು ಗುಂಪು. ನಾಲ್ಕನೇ ಗುಂಪಿಗೆ ಬಂದು ನಿಂತೆ. ಧಣಿಗಳು 1ಕ್ಕೂ ಟೊಪ್ಪಿ ಇಡುವವರು. ಇದು 384175ಓ, 384775ಓ? (ಅಂಕೆಗಳನ್ನು ಇಲ್ಲಿ ಬದಲಿಸಿದ್ದೇನೆ, ಗೊತ್ತಲ್ಲ.) ಬರೆದವರನ್ನೇ ಕೇಳಿದರೆ ಕನ್ನಡಕ ತೆಗೆದು ಹಾಕಿ, ತೆಗೆದು ಹಾಕಿ ನೋಡಿದರು. ಈ ಕೀಯ ಪ್ರತಿಯೊಂದು ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು ಎಂದು ಹಿಂದೆ ಓದಿದ್ದು ಆಗ ನೆನಪಾಯಿತು. ಅಡಿಕೆ ತೂಕದ ಲೆಕ್ಕ ಹಾಕುವ ಕ್ಯಾಲ್ಕುಲೇಟರನ್ನೇ ಎಳೆದುಕೊಂಡೆ. 384175ನ್ನು ಭಾಗಿಸಿದರೆ ಸರಿಯಾಗಿ 34925. ಇನ್ನೊಂದಕ್ಕೆ 6 ಉಳಿಯಿತು. 1 ಎಂದೇ ಹೊಡೆದೆ. ತೆರೆಯಿತು!

ಒಡೆದ ಲಕೋಟೆಯ ಕೀ ಹಳಸಿದ ಅನ್ನದ ಹಾಗೆ. ಅದನ್ನು ಅಳಿಸಿ ಹೊಸ ಕೀ ಹುಟ್ಟಿಸಿದೆ. ಈ ಸಲ ಪ್ರಿಂಟರ್ ಸರಿ ಮಾಡಿಯೇ ಕೂತೆ. ಎರಡು ಪ್ರತಿ ತೆಗೆದೆವು. ಒಂದು ತಿಜೋರಿಗೆ, ಇನ್ನೊಂದು ಧಣಿಗಳ ಮನೆಯಲ್ಲಿ ಅಮ್ಮನ ಸೀರೆಯ ಕಪಾಟಿಗೆ.

"ಒಂದು ನಿಮ್ಮ ಹತ್ರವೂ ಇರಲಿ" ಅಂದರು ಧಣಿಗಳು.

ಬೇಡ ಅಂದೆ.