ಪ್ರಚಾರದ ಹಾಡಿಗೆ ಕೈ ಹಾಕುವ ಮೊದಲು

ಚುನಾವಣೆ ಬಂತೆಂದರೆ ಶ್ರೀರಾಂಪುರದ ನನ್ನ ಸ್ಟುಡಿಯೊಗೆ ಹುಡುಗರು ಪೆನ್‌ಡ್ರೈವ್ ಹಿಡಿದು ಬರುತ್ತಾರೆ. "ಅಣ್ಣ, ಟ್ಯೂನ್ ಅದೇ ಇರ್ಲಿ, ನಮ್ ಲೀಡರ್ ಹೆಸ್ರು, ಗುರುತು ಕೂರಿಸ್ಕೊಡಿ. ಬೆಳಗ್ಗೆ ಆಟೊ ಹೊರಡ್ಬೇಕು." ಮೊದಮೊದಲು ನಾನೂ ಮಾಡಿಕೊಟ್ಟೆ. ಒಂದು ಸಲ ಆಡಿಯೊ ಕಂಪನಿಯ ನೋಟಿಸ್ ಬಂತು. ಅಭ್ಯರ್ಥಿಯ ಹೆಸರಿನ ಕೆಳಗೇ ನನ್ನ ಹೆಸರೂ ಇತ್ತು. ಅವತ್ತೇ ಬಿಟ್ಟೆ.

ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರಕ್ಕೂ ಬೇರೆಬೇರೆ ಹಕ್ಕು. ಪದ ಬದಲಿಸಿ ಬೇರೆಯವರಿಂದ ಹಾಡಿಸಿದರೂ ಟ್ಯೂನ್ ಕಟ್ಟಿದವರ ಹಕ್ಕು ಹಾಗೇ ಉಳಿಯುತ್ತದೆ. "ಮೂವತ್ತು ಸೆಕೆಂಡ್ ಆದ್ರೆ ನಡೆಯುತ್ತೆ" ಅನ್ನೋದು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮದುವೆ ಮೆರವಣಿಗೆಗಿರುವ ವಿನಾಯಿತಿ ಪಕ್ಷದ ಮೆರವಣಿಗೆಗಿಲ್ಲ. ತಪ್ಪು ಸಾಬೀತಾದರೆ 63ನೇ ಕಲಮಿನಡಿ 6 ತಿಂಗಳಿಂದ 3 ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. 2022ರ ನವೆಂಬರ್‌ನಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ 'ಕೆಜಿಎಫ್ 2' ಹಾಡು ಬಳಸಿದ್ದಾರೆಂದು ಯಶವಂತಪುರ ಠಾಣೆಗೆ ದೂರು ಹೋಯಿತು. ಇಲ್ಲಿನ ವಾಣಿಜ್ಯ ನ್ಯಾಯಾಲಯ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಹೇಳಿತು. ಮರುದಿನ ಹೈಕೋರ್ಟ್ ಆ ಆದೇಶ ರದ್ದು ಮಾಡಿದ್ದೂ ವಿಡಿಯೊ ತೆಗೆಯಬೇಕೆಂಬ ಷರತ್ತಿನ ಮೇಲೆ.

ಆ ಹಾಡೇ ಬೇಕೆಂದರೆ ಯೂಟ್ಯೂಬ್‌ನಲ್ಲಿ ಅದರ ಕೆಳಗಿರುವ ಕಂಪನಿಯ ಹೆಸರು ನೋಡಿ, ಬರೆದು ಕೇಳಿ. ಎಷ್ಟು ಸೆಕೆಂಡ್, ಬದಲಿಸುವ ಸಾಲು ಯಾವುದು, ಆಟೊದಲ್ಲೋ ವಾಟ್ಸಾಪಲ್ಲೋ ಟಿವಿಯಲ್ಲೋ, ಯಾವ ತಾರೀಖಿನವರೆಗೆ, ಎಲ್ಲವೂ ಪತ್ರದಲ್ಲಿರಲಿ. ಸಂಗೀತ ನಿರ್ದೇಶಕರು ಫೋನಲ್ಲಿ "ಆಯ್ತು" ಅಂದರೆ ಸಾಲದು; ಸಿನಿಮಾ ಹಾಡಿನ ಹಕ್ಕು ಹೆಚ್ಚಾಗಿ ಕಂಪನಿಯ ಕೈಯಲ್ಲಿರುತ್ತದೆ. ವೇದಿಕೆಯಲ್ಲಿ ಹಾಡು ಹಾಕಲು ಪಡೆದ ಲೈಸೆನ್ಸ್ ವಿಡಿಯೊಗೆ ಬರುವುದಿಲ್ಲ.

ನನ್ನ ಕೇಳಿದರೆ ಹೊಸ ಹಾಡೇ ಮಾಡಿಸಿ. ಆಟೊ ಮೇಲಿನ ಹಾರ್ನ್ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ, ತಮಟೆ ಮಾತ್ರ ಎರಡು ಬೀದಿ ಆಚೆಗೂ ಮುಟ್ಟುತ್ತದೆ. ರೆಕಾರ್ಡಿಂಗ್ ದಿನ ಕಲಾವಿದರು ನಮ್ಮ ಹಿತ್ತಲಲ್ಲಿ ಕಾಗದ, ರಟ್ಟು ಉರಿಸಿ ಚರ್ಮ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ, ಕಿವಿಗೊಟ್ಟು, ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಆ ಕಸುಬಿಗೆ ಸಲ್ಲಬೇಕಾದ ದುಡ್ಡು ಅವತ್ತೇ ಕೊಟ್ಟುಬಿಡಿ. ಹಳೆಯ ಜನಪದ ಮಟ್ಟು ಬಳಸಬಹುದು, ಆದರೆ ಇನ್ನೊಬ್ಬರ ರೆಕಾರ್ಡಿಂಗ್ ಎತ್ತಬೇಡಿ. ಸಾಹಿತ್ಯ ಬರೆದವರಿಂದ ಈ ಒಂದು ಚುನಾವಣೆಗೆ ಮಾತ್ರ ಎಂದು ಬರೆಸಿಕೊಳ್ಳಿ. ಹಕ್ಕು ಬರೆದುಕೊಟ್ಟು ಅವಧಿ ಹಾಕದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ, ಅದು ಬರೆದವರಿಗೆ ಅನ್ಯಾಯ.

ಒಪ್ಪಿಗೆ ಪತ್ರದ ಒಂದು ಪ್ರತಿ ಆಟೊ ಡ್ರೈವರ್ ಹತ್ತಿರವೂ ಇರಲಿ. ಸರ್ಕಲ್‌ನಲ್ಲಿ ಗಾಡಿ ನಿಲ್ಲಿಸಿದರೆ ಮೊದಲು ಉತ್ತರ ಹೇಳಬೇಕಾದವರು ಅವರೇ.