ಕಲಬುರಗಿ ಬಿಸಿಲಿಗೆ ತಾಳುವ ಸಣ್ಣ ಗೇಮಿಂಗ್ ಪಿಸಿ: ಪ್ರೊಸೆಸರ್, ಕೂಲರ್ ಜೋಡಿ ಆರಿಸುವ ಬಗೆ

ಕಲಬುರಗಿಯಲ್ಲಿ ಕೂಲರ್ ಅಂದರೆ ಕಿಟಕಿಗೆ ಹಚ್ಚಿ ನೀರು ತುಂಬುವ ಡಬ್ಬಿ. ಇಲ್ಲಿ ಹೇಳುತ್ತಿರುವುದು ಪ್ರೊಸೆಸರ್ ತಲೆಯ ಮೇಲೆ ಕೂರುವ, ಅಂಗೈಯಗಲದ ಕೂಲರ್ ಬಗ್ಗೆ. ಇವೆರಡಕ್ಕೂ ಒಂದು ಸಂಬಂಧ ಇದೆ, ಅದು ಆಮೇಲೆ.

ಯೂಟ್ಯೂಬಿನಲ್ಲಿ ನೋಡುವ ಪರೀಕ್ಷೆಗಳು ಹೆಚ್ಚುಕಡಿಮೆ 20ರಿಂದ 25 ಡಿಗ್ರಿ ಇರುವ ಕೋಣೆಯಲ್ಲಿ ಆಗಿರುತ್ತವೆ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 42 ದಾಟಿದ ದಿನ, ಮೇಲ್ಮಹಡಿಯ ಕೋಣೆ ಸಂಜೆ ಏಳಾದರೂ 38ರ ಆಸುಪಾಸು ಇರುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬ್ ಝಳ ಬಿಡುವ ಹೊತ್ತು ಅದು, ಗೇಮ್ ಆಡಲು ಕೂರುವ ಹೊತ್ತೂ ಅದೇ. ಫ್ಯಾನ್ ಇರುವ ಯಾವ ಕೂಲರೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ 76 ತೋರಿಸಿದ ಜೋಡಿ, ಕೋಣೆಗಿಂತ 51 ಡಿಗ್ರಿ ಮೇಲಿದೆ ಅಂತ ಲೆಕ್ಕ. ಅದೇ ಜೋಡಿ 38ರ ಕೋಣೆಯಲ್ಲಿ 89ಕ್ಕೆ ಹೋಗುತ್ತದೆ. ಇಕ್ಕಟ್ಟಾದ ಕ್ಯಾಬಿನೆಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಬಿಡುವ ಬಿಸಿ ಇನ್ನೊಂದು ಐದಾರು ಡಿಗ್ರಿ ಸೇರಿಸಿದರೆ 95. ಚಿಪ್ ಸುಡುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ನಡುನಡುವೆ ತಡವರಿಸುವುದು ಇದಕ್ಕೇ.

ಹಾಗಾಗಿ ಎಲ್ಲರೂ ಮಾಡುವ ಕ್ರಮವನ್ನು ತಿರುವುಮುರುವು ಮಾಡಿ. ಮೊದಲು ಕ್ಯಾಬಿನೆಟ್. ಅದರಲ್ಲಿ ಎಷ್ಟು ಎತ್ತರದ ಕೂಲರ್ ಹಿಡಿಯುತ್ತದೆ ಎಂಬುದು ಎರಡನೆಯದು. ಆ ಕೂಲರ್ ನಮ್ಮ ಬೇಸಿಗೆಯಲ್ಲಿ ಎಷ್ಟು ವಾಟ್ ಹೊರುತ್ತದೆ ಎಂಬುದು ಮೂರನೆಯದು. ಪ್ರೊಸೆಸರ್ ಹೆಸರು ಬರುವುದು ಕೊನೆಗೆ.

ಡಬ್ಬಿಯ ಮೇಲಿನ ವಾಟ್ ಬೇರೆ, ಎಳೆಯುವ ವಾಟ್ ಬೇರೆ

ಎಎಂಡಿ ಕಂಪನಿಯ ರೈಜನ್ 5 7600 ಪ್ರೊಸೆಸರ್ ಮೇಲೆ 65 ವಾಟ್ ಅಂತ ಬರೆದಿರುತ್ತದೆ, ಮದರ್‌ಬೋರ್ಡ್‌ನಲ್ಲಿ ಅದು ಕೂರುವ ಸಾಕೆಟ್‌ನಿಂದ 88ರವರೆಗೂ ಎಳೆಯುತ್ತದೆ. ಇಂಟೆಲ್ ಐ5-12400ಎಫ್ ಮೇಲೂ 65 ಇರುತ್ತದೆ, ಟರ್ಬೋದಲ್ಲಿ, ಅಂದರೆ ತಾನೇ ವೇಗ ಏರಿಸಿಕೊಂಡಾಗ, 117ರವರೆಗೆ ಹೋಗಬಹುದು. ರೈಜನ್ 7 7700ಎಕ್ಸ್ 105 ಅನ್ನುತ್ತದೆ, ಮಿತಿ 142. ಐ5-14600ಕೆ 125 ಅನ್ನುತ್ತದೆ, ಮಿತಿ 181. ಕೂಲರ್ ಆರಿಸುವಾಗ ಎರಡನೆಯ ಅಂಕಿಯನ್ನೇ ಹಿಡಿಯಿರಿ.

ಇದಕ್ಕೆ ಹೊರತಾದದ್ದು ರೈಜನ್ 7 7800ಎಕ್ಸ್3ಡಿ. ಬರೆದಿರುವುದು 120 ವಾಟ್, ಮಿತಿ 162. ಆದರೆ ಗೇಮ್ ಆಡುವಾಗ ಸಾಮಾನ್ಯವಾಗಿ 50ರಿಂದ 80ರ ನಡುವೆಯೇ ಇರುತ್ತದೆ. 96 ಎಂಬಿ ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) ಇರುವುದರಿಂದ ಗೇಮ್‌ಗೆ ಬೇಕಾದ ಡೇಟಾ ಹತ್ತಿರದಲ್ಲೇ ಸಿಗುತ್ತದೆ, ವೇಗಕ್ಕಾಗಿ ವೋಲ್ಟೇಜ್ ಏರಿಸಬೇಕಾಗಿಲ್ಲ. ತೊಡಕು ಒಂದಿದೆ: ಇದರಲ್ಲಿ ಹೆಚ್ಚುವರಿ ಕ್ಯಾಶ್ ತುಂಡು ಚಿಪ್‌ನ ಮೇಲೆ ಕೂತಿದೆ, ಕೋರ್‌ಗಳ ಬಿಸಿ ಮೇಲಕ್ಕೆ ದಾಟಲು ತಡ. ಅದಕ್ಕೇ ಇದರ ಗರಿಷ್ಠ ತಾಪಮಾನವನ್ನು 95ರ ಬದಲು 89ಕ್ಕೆ ಇಟ್ಟಿದ್ದಾರೆ. 9800ಎಕ್ಸ್3ಡಿಯಲ್ಲಿ ಕ್ಯಾಶನ್ನು ಕೋರ್‌ಗಳ ಕೆಳಗೆ ಸರಿಸಿ ಈ ತೊಡಕು ಬಿಡಿಸಿದರು, ಆದರೆ ಅದು ವೇಗವೂ ಹೆಚ್ಚು, ವಾಟೂ ಹೆಚ್ಚು. ದುಡ್ಡಿಗೆ ತಡೆಯಿಲ್ಲ, ಕ್ಯಾಬಿನೆಟ್ ಮಾತ್ರ ಸಣ್ಣದಿರಬೇಕು ಅನ್ನುವವರಿಗೆ 7800ಎಕ್ಸ್3ಡಿಯೇ ಸರಿ.

ಉಳಿದವರಿಗೆ 7600 ಸಾಕು. 1080ಪಿಯಲ್ಲಿ ಆರ್‌ಟಿಎಕ್ಸ್ 4060ರಂಥ 115 ವಾಟ್ ಕಾರ್ಡ್ ಹಾಕುವವರು ಪ್ರೊಸೆಸರ್‌ಗೆ ಹೆಚ್ಚು ಸುರಿದರೆ ಆ ದುಡ್ಡು ಪರದೆಯ ಮೇಲೆ ಕಾಣುವುದಿಲ್ಲ. 7600ರಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಒಳಗೇ ಇದೆ; ಕಾರ್ಡ್ ಕೆಟ್ಟ ದಿನ ಪಿಸಿ ಪೂರ್ತಿ ಮಲಗುವುದಿಲ್ಲ. 7500ಎಫ್, 12400ಎಫ್‌ಗಳಲ್ಲಿ ಅದಿಲ್ಲ. ರಿಪೇರಿಗೆ ಸಿಕಂದರಾಬಾದಿನವರೆಗೆ ಹೋಗಬೇಕಾದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಕಾರ್ಡ್ ಇಲ್ಲದೇ ಆಡುವವರಿಗೆ ರೈಜನ್ 5 8600ಜಿ. ಅದಕ್ಕೆ ರ‍್ಯಾಮ್ ಕಡ್ಡಿ ಎರಡು ಹಾಕಲೇಬೇಕು, ಒಂದೇ ಹಾಕಿದರೆ ಫ್ರೇಮ್ ತೀರಾ ಬೀಳುತ್ತವೆ. ಹಳೆಯ ಡಿಡಿಆರ್4 ಬಗೆಯ ರ‍್ಯಾಮ್ ಕೈಯಲ್ಲಿದ್ದರೆ ರೈಜನ್ 5 5600, ಅದರ ಮಿತಿ 76 ವಾಟ್.

ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಟೆಲ್ 13 ಅಥವಾ 14ನೇ ಪೀಳಿಗೆಯ ಐ7, ಐ9 ಅಗ್ಗಕ್ಕೆ ಕಂಡರೆ ತಡೆಯಿರಿ. ವೋಲ್ಟೇಜ್ ದೋಷದಿಂದ ಈ ಪೀಳಿಗೆಯ ಹಲವು ಚಿಪ್‌ಗಳು ಹಾಳಾದವು. ಇಂಟೆಲ್ 2024ರಲ್ಲಿ ಮೈಕ್ರೋಕೋಡ್ (ಚಿಪ್ ಒಳಗಿನ ಸೂಚನೆಗಳ) ತಿದ್ದುಪಡಿ ಕೊಟ್ಟಿತು. ಅದು ಮುಂದಿನ ಹಾನಿ ತಡೆಯುತ್ತದೆ, ಆಗಲೇ ಕೆಟ್ಟದ್ದನ್ನು ಸರಿ ಮಾಡದು.

ಎತ್ತರ ಅಳೆಯಿರಿ, ಅಂದಾಜು ಬೇಡ

ಸಣ್ಣ ಪಿಸಿಗೆ ಹಾಕುವ ಮಿನಿ ಐಟಿಎಕ್ಸ್ ಅಳತೆಯ ಮದರ್‌ಬೋರ್ಡ್ 170 ಮಿ.ಮೀ. ಚೌಕ. ಅದು ಕೂರುವ ಕ್ಯಾಬಿನೆಟ್‌ಗಳಲ್ಲಿ ಮಾತ್ರ ಅಜಗಜಾಂತರ.

40 ಮಿ.ಮೀ. ಒಳಗೆ ಜಾಗ ಇದ್ದರೆ ನಾಕ್ಟುವಾ ಎನ್‌ಎಚ್-ಎಲ್9 ಸರಣಿಯ 37 ಮಿ.ಮೀ. ಕೂಲರ್ ಬಿಟ್ಟರೆ ಹೆಚ್ಚು ದಾರಿಯಿಲ್ಲ. ಕಲಬುರಗಿ ಬೇಸಿಗೆಗೆ ಅದರ ಮೇಲೆ 65 ವಾಟ್‌ಗಿಂತ ಹೆಚ್ಚು ಹೇರಬೇಡಿ. 47 ಮಿ.ಮೀ. ಇದ್ದರೆ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಹಿಡಿಯುತ್ತದೆ, 7600 ನಿಭಾಯಿಸಬಹುದು. 7600 ಜೊತೆ ಡಬ್ಬಿಯಲ್ಲೇ ಬರುವ ರೇತ್ ಸ್ಟೆಲ್ತ್ ಸುಮಾರು 54 ಮಿ.ಮೀ.; ಡಿಸೆಂಬರ್‌ನಲ್ಲಿ ನಡೆಯುತ್ತದೆ, ಏಪ್ರಿಲ್‌ನಲ್ಲಿ ಕಿರುಚುತ್ತದೆ. 67ರಿಂದ 70 ಮಿ.ಮೀ. ಸಿಕ್ಕರೆ 120 ಮಿ.ಮೀ. ಫ್ಯಾನ್ ಇರುವ ಎಎಕ್ಸ್‌ಪಿ120-ಎಕ್ಸ್67 ಅಥವಾ ಎನ್‌ಎಚ್-ಎಲ್12ಎಸ್ ಬರುತ್ತವೆ. 7800ಎಕ್ಸ್3ಡಿ ಹಾಕಲು ಇದು ಕನಿಷ್ಠ ಎತ್ತರ.

ನಮ್ಮ ಹವೆಗೆ ಹೊಂದುವುದು ಕೂಲರ್ ಮಾಸ್ಟರ್ ಎನ್‌ಆರ್200ರಂಥ 18 ಲೀಟರ್ ಕ್ಯಾಬಿನೆಟ್. 155 ಮಿ.ಮೀ. ಕೂಲರ್ ಹಿಡಿಯುತ್ತದೆ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಸರಿಯಾಗಿ 155. ಇಲ್ಲೇ ಜನ ಮೋಸ ಹೋಗುವುದು. ಅದರ ಮುಂದಿನ ಫ್ಯಾನ್ ರ‍್ಯಾಮ್ ಕಡ್ಡಿಯ ಮೇಲೆ ಬರುತ್ತದೆ. ಬಣ್ಣಬಣ್ಣದ ದೀಪದ ರ‍್ಯಾಮ್ 40 ಮಿ.ಮೀ. ದಾಟಿರುತ್ತದೆ, ಫ್ಯಾನನ್ನು ಕ್ಲಿಪ್‌ನಲ್ಲಿ ಒಂದು ಬೆರಳಗಲ ಮೇಲೆ ಸರಿಸಿದರೆ ಪಕ್ಕದ ಬಾಗಿಲು ಮುಚ್ಚುವುದಿಲ್ಲ. ಕೊಳ್ಳುವಾಗಲೇ 32 ಮಿ.ಮೀ. ಆಸುಪಾಸಿನ ಸಾದಾ ರ‍್ಯಾಮ್ ಕೇಳಿ.

ಗಿಡ್ಡ ಕೂಲರ್‌ಗಳು ಬಾಗಿಲಿನ ಜಾಲರಿಯಿಂದ ಗಾಳಿ ಎಳೆದು ಬೋರ್ಡ್ ಮೇಲೆ ಊದುತ್ತವೆ. ಫ್ಯಾನ್‌ಗೂ ಜಾಲರಿಗೂ ನಡುವೆ ಒಂದೆರಡು ಸೆಂಟಿಮೀಟರ್ ಸಂದು ಉಳಿದರೆ, ಈಗಷ್ಟೇ ಬಿಸಿಯಾದ ಗಾಳಿಯನ್ನೇ ಫ್ಯಾನ್ ಸುತ್ತಿ ಮತ್ತೆ ಎಳೆಯುತ್ತದೆ. ಬಾಗಿಲ ಸಂದಿಗೆ ಹಚ್ಚುವ ಅಂಟು ಫೋಮ್ ಪಟ್ಟಿಯನ್ನು ಫ್ಯಾನ್ ಅಂಚಿನ ಸುತ್ತ ಹಚ್ಚಿ ಆ ಸಂದು ಮುಚ್ಚಿ. ಖರ್ಚಿಗೆ ಹೋಲಿಸಿದರೆ ಇಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ.

ನೀರಿನ ಕೂಲರ್ ಬೇಡವೇ ಬೇಡ ಅನ್ನುವುದಿಲ್ಲ. 240 ಮಿ.ಮೀ. ರೇಡಿಯೇಟರ್‌ಗೇ ಮಾಡಿದ ಕ್ಯಾಬಿನೆಟ್ ಆದರೆ ಹಾಕಿ. ಆದರೆ ಪಂಪ್ ನಿಂತರೆ ಆ ದಿನಕ್ಕೆ ಆಟ ಮುಗಿಯಿತು, ವಾರಂಟಿಗೆ ಕಳಿಸಿ ಕಾಯಬೇಕು. ಗಾಳಿ ಕೂಲರ್‌ನ ಫ್ಯಾನ್ ಹೋದರೆ ಬೇರೆ ಫ್ಯಾನ್ ಹಚ್ಚಿದರಾಯಿತು.

ಕೂಡಿಸುವಾಗ

ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರಾ ನೋಡಿ. ನಗಬೇಡಿ, ದಿನವೂ ಆಗುವ ತಪ್ಪು. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ನಡುವೆ ಒಂದು, ನಾಲ್ಕು ಮೂಲೆಗೆ ತೊಗರಿ ಕಾಳಿನಷ್ಟು ಒಂದೊಂದು. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಒಂದು ಕಡೆ ಪೂರ್ತಿ ಬಿಗಿದರೆ ತಳ ಓರೆಯಾಗಿ ಕೂರುತ್ತದೆ.

ಬೇಸಿಗೆಗಳು ಕಳೆದಂತೆ ಪೇಸ್ಟ್ ಒಣಗುತ್ತದೆ. ಬೇಡದ ತಲೆನೋವು ಅನ್ನುವವರು ಹನಿವೆಲ್ ಪಿಟಿಎಂ7950 ಪ್ಯಾಡ್ ಹಾಕುತ್ತಾರೆ. ಅದು ಸುಮಾರು 45 ಡಿಗ್ರಿಗೆ ಕರಗಿ ಹರಡುವ ವಸ್ತು. ಮೇ ತಿಂಗಳ ಕೋಣೆಯಲ್ಲಿ ಅದು ಆಗಲೇ ಅರ್ಧ ಮೆತ್ತಗಾಗಿರುತ್ತದೆ, ಎರಡೂ ಬದಿಗೆ ಅಂಟಿರುವ ಹಾಳೆ ಕೀಳಲು ಹೋದರೆ ಚಕ್ಕುಲಿ ಹಿಟ್ಟಿನಂತೆ ಬೆರಳಿಗೆ ಬರುತ್ತದೆ. ಕತ್ತರಿಸುವ ಮೊದಲು ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಒಂದು ಹಾಳೆ ಕಿತ್ತು ಪ್ರೊಸೆಸರ್ ಮೇಲೆ ಒತ್ತಿ, ಎರಡನೆಯದನ್ನು ಕೀಳುವ ಮೊದಲು ಇನ್ನೊಂದು ಸಲ ತಂಪು ಮಾಡಿ.

ಬಯೋಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಎಎಂಡಿಗೆ ಇಕೋ ಮೋಡ್, ಅಂದರೆ ಕಡಿಮೆ ವಿದ್ಯುತ್ ಎಳೆಯುವ ಆಯ್ಕೆ, 65 ವಾಟ್ ಹಾಕಿ. 65 ಅನ್ನುವುದು ಇಲ್ಲೂ ಬರೆಯುವ ಅಂಕಿ; 7700ಎಕ್ಸ್ ಮಿತಿ ಆಗ 142ರಿಂದ 88ಕ್ಕೆ ಇಳಿಯುತ್ತದೆ. ಗೇಮ್‌ನಲ್ಲಿ ವ್ಯತ್ಯಾಸ ಹುಡುಕಿದರೂ ಕಾಣುವುದು ಕಷ್ಟ. ಆಮೇಲೆ ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್ ಮೈನಸ್ 15ರಿಂದ ಶುರು ಮಾಡಿ. ಸುಮ್ಮನಿದ್ದಾಗಲೂ ಪಿಸಿ ರೀಸ್ಟಾರ್ಟ್ ಆದರೆ ಐದು ಹಿಂದಕ್ಕೆ ಬನ್ನಿ. ಇಂಟೆಲ್‌ನಲ್ಲಿ ಪಿಎಲ್1, ಪಿಎಲ್2 ಎಂಬ ವಾಟ್ ಮಿತಿ ಎರಡನ್ನೂ ಕೂಲರ್ ಹೊರುವಷ್ಟಕ್ಕೆ ಇಳಿಸಿ.

ಪರೀಕ್ಷೆ

ಎಚ್‌ಡಬ್ಲ್ಯುಇನ್ಫೋ (ತಾಪಮಾನ ತೋರಿಸುವ ತಂತ್ರಾಂಶ) ತೆರೆದಿಟ್ಟು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಹತ್ತು ನಿಮಿಷ ಓಡಿಸಿ. ಮೊದಲ ಐದು ಸೆಕೆಂಡಿನಲ್ಲೇ 95ಕ್ಕೆ (7800ಎಕ್ಸ್3ಡಿಯಲ್ಲಿ 89ಕ್ಕೆ) ಜಿಗಿದರೆ ಕೂಲರ್ ಸರಿಯಾಗಿ ಕೂತಿಲ್ಲ, ಬಿಚ್ಚಿ ಪೇಸ್ಟ್ ಹರಡಿದ್ದು ನೋಡಿ. ಹದಿನೈದು ನಿಮಿಷ ಆಟ ಆಡಿದ ಮೇಲೆ ನಿಧಾನವಾಗಿ ಏರಿದರೆ ಕೂಲರ್ ತಪ್ಪಲ್ಲ, ಕ್ಯಾಬಿನೆಟ್‌ನಿಂದ ಬಿಸಿ ಹೊರಗೆ ಹೋಗುತ್ತಿಲ್ಲ. ಮೇಲ್ಗಡೆ ಹೊರಹಾಕುವ ಫ್ಯಾನ್ ಸೇರಿಸಿ. ಚಳಿಗಾಲದಲ್ಲಿ ಕಟ್ಟುತ್ತಿದ್ದರೆ ಬಂದ ಅಂಕಿಗೆ 15 ಕೂಡಿಸಿ ನೋಡಿ. ಫ್ಯಾನ್ ಸದ್ದು ಅಲೆಯಂತೆ ಏರಿಳಿದರೆ ಬಯೋಸ್‌ನಲ್ಲಿ ಫ್ಯಾನ್ ವೇಗ ಏರುವುದಕ್ಕೆ ನಾಲ್ಕೈದು ಸೆಕೆಂಡ್ ವಿಳಂಬ ಕೊಡಿ.

ನೀರಿನ ಡಬ್ಬಿ, ಧೂಳು

ಈಗ ಕಿಟಕಿಯ ಕೂಲರ್. ಅದು ಕೋಣೆಯನ್ನು ಇಳಿಸುವ ಪ್ರತಿ ಡಿಗ್ರಿಯೂ ಪ್ರೊಸೆಸರ್‌ಗೆ ಸಿಗುತ್ತದೆ, ಹಾಗಾಗಿ ಹಾಕಿಕೊಂಡೇ ಆಡಿ. ಪಿಸಿಯನ್ನು ಮಾತ್ರ ಅದರ ಬಾಯಿಗೆ ಇಡಬೇಡಿ. ಬೋರಿನ ಸವಳು ನೀರಿನ ಹನಿ ಹಾರಿ ಬೋರ್ಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಹಸಿ ಗಾಳಿಗೆ ಧೂಳು ರೆಕ್ಕೆಗಳಿಗೆ ಕೆಸರಿನಂತೆ ಅಂಟುತ್ತದೆ.

ಕ್ಯಾಬಿನೆಟ್ಟನ್ನು ಪರ್ಸಿ ನೆಲದ ಮೇಲೆ ಇಡದೆ ಟೇಬಲ್ ಮೇಲಿಡಿ. ಕೆಳಗಿನಿಂದ ಗಾಳಿ ಎಳೆಯುವ ಕ್ಯಾಬಿನೆಟ್ ಕಸಬರಿಗೆಯ ಧೂಳನ್ನೆಲ್ಲ ನುಂಗುತ್ತದೆ. ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ, ತೊಗರಿ ರಾಶಿ ನಡೆಯುವ ದಿನಗಳಲ್ಲಿ ಹಳ್ಳಿ ಮನೆಯಾದರೆ ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಒಂದು ಬೆರಳಿಂದ ತಡೆದು ಹಿಡಿಯಿರಿ. ಬಿಟ್ಟರೆ ಮಿತಿ ಮೀರಿ ತಿರುಗಿ ಬೇರಿಂಗ್ ಸಡಿಲಾಗುತ್ತದೆ, ಆಮೇಲಿನ ಗರಗರ ಸದ್ದಿಗೆ ಎಣ್ಣೆ ಬಿಟ್ಟರೂ ಹೋಗದು.